ಕಾಲುವೆ ಉಸುಕಿನ ಸಾಕ್ಷಿ

ನಮ್ಮಪ್ಪ ಉಸುಕು ಓದುತ್ತಿದ್ದ. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ, ಆದರೆ ನೆಲದ ಮೇಲೆ ಬಿದ್ದ ಗುರುತು ಯಾವುದೇ ಇರಲಿ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತನೆಂದರೆ ಏಳುವ ಮಾತೇ ಇರಲಿಲ್ಲ. ಅಜ್ಜ ಕಳುವಾದ ಎತ್ತುಗಳ ಹೆಜ್ಜೆ ಹಿಡಿದು ಸಗರದಿಂದ ಸುರಪುರದ ಗುಡ್ಡದ ತನಕ ಹೋಗಿ ಬಂದವನಂತೆ. ಆ ವಿದ್ಯೆ ಅಪ್ಪನ ಕೈಗೆ ಬರುವ ಹೊತ್ತಿಗೆ ಎತ್ತು ಕದಿಯುವವರು ಇಲ್ಲವಾಗಿದ್ದರು. ಕೃಷ್ಣೆಯ ಕಾಲುವೆ ಬಂದಿತ್ತು, ಕಳುವಾಗುವುದು ನೀರಾಗಿತ್ತು. ಹಾಗಾಗಿ ಅಪ್ಪ ನೀರಿನ ಹೆಜ್ಜೆ ಹಿಡಿಯತೊಡಗಿದ.

ನೀರು ಹರಿದು ನಿಂತ ಮೇಲೆ ಹೊಲಗಾಲುವೆಯ ತಳದ ಉಸುಕಿನಲ್ಲಿ ಸಣ್ಣ ಸಣ್ಣ ಏರುಗಳು ಸಾಲಾಗಿ ಉಳಿಯುತ್ತವೆ. ಬೆರಳಿನಷ್ಟೂ ಎತ್ತರವಿರುವುದಿಲ್ಲ. ನೀರು ಬಂದ ಕಡೆಯ ಮೈ ನಿಧಾನ ಇಳಿಜಾರು, ನೀರು ಹೋದ ಕಡೆಯದು ಕಡಿದಾಗಿ ಇಳಿದಿರುತ್ತದೆ. ಅಪ್ಪ ಅದರ ಮೇಲೆ ಹೆಬ್ಬೆರಳು ಆಡಿಸಿ, "ಇಲ್ಲಿಂದ ಬಂದಾವ, ಹಿಂಗ ಹೋಗ್ಯಾವ" ಅನ್ನುತ್ತಿದ್ದ. ತಪ್ಪುತ್ತಿರಲಿಲ್ಲ. ನಮ್ಮ ಕಾಲುವೆಯ ಸಾಲಿನಲ್ಲಿ ಯಾರದಾದರೂ ಸರದಿಯ, ಅಂದರೆ ಪಾಳಿಯ, ನೀರು ಮುಟ್ಟಲಿಲ್ಲವೆಂದರೆ ಮೊದಲು ಕರೆಯುತ್ತಿದ್ದುದು ಅವನನ್ನೇ. ಕರೆಯದಿದ್ದರೂ ಹೋಗುತ್ತಿದ್ದ, ಅದು ಬೇರೆ ಮಾತು.

ಕಾಲುವೆ ಬಂದ ಮೇಲೆ ನಮ್ಮೂರಿನವರ ಕಣ್ಣು ಮುಖದಿಂದ ಕಾಲಿಗೆ ಇಳಿದಿತ್ತು. ಬೇರೆಯವರ ಪಾಳಿಯ ದಿನ ಕಾಲಿಗೆ ಹಸಿ ಮಣ್ಣು ಹತ್ತಿಸಿಕೊಂಡು ಊರೊಳಗೆ ಬಂದವನನ್ನು ಅಂಗಡಿ ಕಟ್ಟೆಯವರು ಸುಮ್ಮನೆ ಬಿಡುತ್ತಿರಲಿಲ್ಲ. "ಎಲ್ಲಿಂದ ಬರಾಕತ್ತೀರಿ?" ಅನ್ನುವುದು ಬರೀ ಕುಶಲದ ಮಾತಾಗಿ ಉಳಿಯಲಿಲ್ಲ. ಆಮೇಲೆ ಜನ ನಳದ ಹತ್ತಿರ ಕಾಲು ತೊಳೆದುಕೊಂಡು ಬರುವುದು ಕಲಿತರು. ಆಗ ಕಾಲು ತೊಳೆದವರ ಮೇಲೆಯೇ ಸಂಶಯ ಶುರುವಾಯಿತು. ಹೊಲಕ್ಕೆ ಹೋದವನ ಕಾಲು ಇಷ್ಟು ಚೊಕ್ಕ ಹೇಗಿರುತ್ತದೆ ಎಂದು ಕೇಳುವವರು ಹುಟ್ಟಿಕೊಂಡರು.

ಇಂಥ ಊರಿನಲ್ಲಿ, ಇಂಥ ಅಪ್ಪನಿಗೆ ಹುಟ್ಟಿದವಳು ನಾನು. ಸಂಶಯದ ಪ್ರಾಣಿ ಎಂದು ಅವ್ವ ಬೈಯುತ್ತಿದ್ದಳು, ಸುಳ್ಳೇನಲ್ಲ. ಹಾಲು ಮೂಸಿ ನೋಡದೆ ಕುಡಿಯುತ್ತಿರಲಿಲ್ಲ, ಶಹಾಪುರದ ಬಸ್ಸೆಂದು ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳಿಯೇ ಹತ್ತುತ್ತಿದ್ದೆ. ಗುಲ್ಬರ್ಗಾದಲ್ಲಿ ಭೂವಿಜ್ಞಾನ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ, ರಂಗಂಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಸಗರಕ್ಕೆ ಬಂದರೆ ಸೋಮವಾರ ಬೆಳಿಗ್ಗೆ ವಾಪಸು.

ಅಪ್ಪನಿಗೆ ಒಬ್ಬಳು ಅಕ್ಕ, ನನ್ನ ಅತ್ತೆ. ಸಗರದಲ್ಲೇ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಕಟ್ಟಿಕೊಂಡು ಒಕ್ಕಲುತನ ಮಾಡುತ್ತಿದ್ದಳು. ಹೊಲಗಾಲುವೆ ಮೊದಲು ಅವಳ ಹೊಲದ ಮಗ್ಗುಲಲ್ಲಿ ಹಾದು, ಆಮೇಲೆ ನಮ್ಮ ಹೊಲಕ್ಕೆ ಬಂದು ಮುಗಿಯುತ್ತಿತ್ತು. ಆ ಮಗನಿಗೆ ನನ್ನನ್ನು ಕೊಡುವುದೆಂದು ಮಾತಾಗಿತ್ತು. ಆಷಾಢ ಕಳೆದು ಪಂಚಮಿ ಆಗಲಿ, ಸಕ್ಕರೆ ಹಂಚಿ ನಿಶ್ಚಯ ಮಾಡಿಬಿಡೋಣ ಎಂದು ಅಪ್ಪ, ಅತ್ತೆ ಇಬ್ಬರೂ ಕೂತು ಗಟ್ಟಿ ಮಾಡಿದ್ದರು.

ನನಗೆ ಅವನೆಂದರೆ ಇಷ್ಟವಿತ್ತು. ಬಹಳ ಇಷ್ಟವಿತ್ತು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತಾರೆ. ಅವನು ಬೇಕೆಂದೇ "ಅಕ್ಕೋರೇ, ಬಸ್ಸು ಬಂತ್ರಿ" ಎಂದು ಗಂಭೀರವಾಗಿ ಹೇಳಿ ನನ್ನ ಮುಖ ಕೆಂಪಾಗುವುದನ್ನು ನೋಡುತ್ತಿದ್ದ. ಮದುವೆಯಾಗುವ ಹುಡುಗಿಯನ್ನು ಅಕ್ಕ ಅನ್ನುವ ಗಂಡಸು ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು. ಇಷ್ಟಿದ್ದೂ ನನ್ನ ಬುದ್ಧಿ ಸುಮ್ಮನಿರಬೇಕಲ್ಲ. ಇವನು ನಗುವುದು ನನಗಾಗಿಯೋ, ನನ್ನನ್ನು ನೋಡಿಯೋ ಎಂದು ಬಸ್ಸಿನ ತುಂಬ ಯೋಚಿಸುತ್ತಿದ್ದೆ.

ಆ ವರ್ಷ ಆಷಾಢದ ಕೊನೆಗೆ ಕಾಲುವೆಗೆ ನೀರು ಬಿಟ್ಟರು. ನಾವು ಮೆಣಸಿನ ಸಸಿ ಹಚ್ಚಿದ್ದೆವು. ಮಳೆ ಕೈಕೊಟ್ಟಿತ್ತು. ಪಡುವಣ ಗಾಳಿ ಮಾತ್ರ ಹಗಲೆಲ್ಲ ಬೀಸಿ ಬೀಸಿ ಸಸಿಗಳನ್ನು ಬಾಡಿಸುತ್ತಿತ್ತು. ನಮ್ಮ ಪಾಳಿ ಗುರುವಾರವೆಂದು ಕಾಲುವೆಯ ನೀರು ಹಂಚುವ ನೀರುಗಂಟಿ ಹೇಳಿದ್ದ. ಬುಧವಾರ ಅಪ್ಪ ಗೊಬ್ಬರಕ್ಕೆಂದು ಶಹಾಪುರಕ್ಕೆ ಹೋಗಿದ್ದ. ಗುರುವಾರ ಬೆಳಿಗ್ಗೆ ಸಲಿಕೆ ಹಿಡಿದು ಹೊಲದಲ್ಲಿ ಕೂತವನಿಗೆ ಮಧ್ಯಾಹ್ನವಾದರೂ ಹನಿ ನೀರು ಕಾಣಲಿಲ್ಲ. ಹೋಗಿ ಕೇಳಿದರೆ ನೀರುಗಂಟಿ, "ಮ್ಯಾಲಿಂದ ಒಂದಿನ ಮೊದಲ ಬಂದ್ವು ನೋಡ್ರಿ, ನಿನ್ನೆನೇ ನಿಮ್ಮ ಪಾಳಿ ಬಿಟ್ಟು ಮುಗಿಸೀನಿ" ಅಂದ. ಮುಂದಿನ ಪಾಳಿ ಬರುವಷ್ಟರಲ್ಲಿ ಸಸಿ ಉಳಿಯುವಂತಿರಲಿಲ್ಲ.

ಬಿಟ್ಟ ನೀರು ಎಲ್ಲಿ ಹೋಯಿತು? ಅಪ್ಪ ಒಣಗಿದ ಕಾಲುವೆಯೊಳಗೆ ಇಳಿದು ಮೇಲಕ್ಕೆ ನಡೆದ. ಅತ್ತೆಯ ಹೊಲದ ಮುಂದೆ ಎಮ್ಮೆಗಳು ಇಳಿದಿಳಿದು ದಂಡೆ ಕುಸಿದು ಕಾಲುವೆ ಹೊಂಡದ ಹಾಗೆ ಅಗಲವಾಗಿತ್ತು. ಅಲ್ಲಿಯ ಉಸುಕಿನ ಏರುಗಳು ನಮ್ಮ ಹೊಲದ ಕಡೆ ಮುಖ ಮಾಡಿರಲಿಲ್ಲ. ಅವುಗಳ ಕಡಿದಾದ ಮೈ ಅತ್ತೆಯ ಹೊಲಕ್ಕೆ ನೀರು ತಿರುಗಿಸುವ ಬಾಯಿಯ ಕಡೆಗಿತ್ತು. ಬಾಯಿಗೆ ಮೆತ್ತಿದ ಮಣ್ಣು ಕರಗಿಹೋಗಿತ್ತು. ಒಳಗೆ ಅವಳ ಭತ್ತದ ಸಸಿಮಡಿ ತುಂಬಿ ನಿಂತಿತ್ತು.

ಅಪ್ಪ ನೇರ ಅಕ್ಕನ ಮನೆಗೆ ಹೋಗಿ ಬಾಯಿಗೆ ಬಂದಂತೆ ಬೈದ. ಕಳ್ಳರ ಮನಿಗಿ ಮಗಳನ್ನ ಕೊಡೂದಿಲ್ಲ ಅಂದುಬಿಟ್ಟ. ಅತ್ತೆಯೂ ಕಡಿಮೆಯವಳಲ್ಲ. ನೀರು ತಾವಾಗಿ ಬಂದವೇ ಹೊರತು ತಾವು ಸಲಿಕೆ ಮುಟ್ಟಿಲ್ಲ, ನಿನ್ನ ಹೊಲ ತುಂಬಿ ಹೆಚ್ಚಾದದ್ದು ಹಿಂದೆ ಬಂದಿದೆ ಎಂದುಕೊಂಡಿದ್ದೆವು ಅಂದಳಂತೆ. ಆಮೇಲೆ ಅವಳಿಗೂ ಸಂಶಯ ಹೊಕ್ಕಿತು. "ನಿನ್ನ ಮಗಳಿಗಿ ಯಾವನೋ ನೌಕರಿಯವನ್ನ ನೋಡೀದಿ. ಅದನ್ನ ನೆಟ್ಟಗ ಹೇಳಕ ಆಗಲ್ದ ನೀರಿನ ನೆವ ಮಾಡಾಕತ್ತೀದಿ" ಎಂದು ಊರು ಕೇಳುವಂತೆ ಕೂಗಿದಳು.

ಇದೆಲ್ಲ ನನಗೆ ತಿಳಿದದ್ದು ಶನಿವಾರ. ಚೀಲ ಇಳಿಸುವುದಕ್ಕೂ ಬಿಡದೆ ಅಪ್ಪ ನನ್ನನ್ನು ಕಾಲುವೆಗೆ ಕರೆದೊಯ್ದ. "ನೀ ಕಲ್ತಾಕಿ. ನೀನೂ ನೋಡು. ನಾ ಸುಳ್ಳು ಹೇಳಾಕತ್ತಿದ್ರ ಹೇಳು" ಅಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಜಾಸ್ತಿ ಇತ್ತು. ಅಕ್ಕನ ಮೇಲೆ ಜೀವವಿದ್ದವನು ಅವನು. ನಾನು ಕೂತು ನೋಡಿದೆ. ಅಪ್ಪ ಹೇಳಿದ್ದು ಖರೆ. ನೀರು ಆ ಕಡೆ ಹೋಗಿತ್ತು.

ಹಿಂದೊಮ್ಮೆ ಅತ್ತೆಯ ಮಗ ಇದೇ ದಂಡೆಯ ಮೇಲೆ ಕೂತು, "ನೀರು ನಮ್ಮ ಮುಂದ ಹಾದು ನಿಮ್ಮ ಹೊಲಕ ಹೋಗ್ತಾವ. ನೋಡಕೋತ ಕುಂದ್ರೂದು ಭಾಳ ತ್ರಾಸ ನೋಡು" ಎಂದು ನಕ್ಕಿದ್ದ. ಆಗ ನಾನೂ ನಕ್ಕಿದ್ದೆ. ಈಗ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದರೆ ಕಳ್ಳನೊಬ್ಬ ಮುಂಚೆಯೇ ಒಪ್ಪಿಕೊಂಡಂತೆ ಕಂಡಿತು. ಭತ್ತದ ಮಡಿ ಒಣಗುತ್ತಿದ್ದದ್ದೂ ಅವನದೇ. ಸಂಶಯಕ್ಕೆ ಏನು ಬೇಕೋ ಎಲ್ಲ ಸಿಕ್ಕಿತ್ತು.

ನಾವು ಮನೆಗೆ ಹೊರಳುವಾಗ ಅವನು ಎದುರಿಗೆ ಬಂದ. ಅಪ್ಪ ಮುಖ ತಿರುಗಿಸಿ ಮುಂದೆ ಹೋದ. ಅವನು ನನ್ನನ್ನು ನಿಲ್ಲಿಸಿ, "ನಾನು ನೀರು ತಿರುವಿಲ್ಲ. ನೀ ಏನಂತಿ?" ಎಂದು ಕೇಳಿದ. ಆ ದಿನ ಅಕ್ಕೋರೇ ಅನ್ನಲಿಲ್ಲ.

"ತಡಿ, ಇನ್ನೊಮ್ಮಿ ನೋಡ್ತೀನಿ" ಅಂದೆ.

ಅವನು ದಾರಿ ಬಿಟ್ಟು ನಿಂತ. ನಾನು ಮತ್ತೆ ಕಾಲುವೆಗೆ ಇಳಿದೆ.

ಎರಡನೆಯ ಸಲ ನೋಡಿದಾಗ ಏನೋ ಸರಿ ಬರಲಿಲ್ಲ. ಹರಿಯುವ ನೀರು ಮಾಡಿದ ಏರಿನ ತಲೆ ಚೂಪಾಗಿರುತ್ತದೆ. ಇಲ್ಲಿಯ ಏರುಗಳ ತಲೆ ಗುಂಡಗೆ, ಯಾರೋ ಅಂಗೈಯಿಂದ ಸವರಿದ ಹಾಗೆ. ಒಂದು ಕಡೆ ಕಡಿದಾಗಿದ್ದರೂ ಬಹಳ ಕಡಿದಲ್ಲ. ಸಾಲುಗಳು ನೆಟ್ಟಗಿರದೆ ಹಾವಿನಂತೆ ಹೊರಳಿದ್ದವು. ಎರಡು ಸಾಲುಗಳ ನಡುವಿನ ತಗ್ಗಿನಲ್ಲಿ ಅಡ್ಡಡ್ಡ ಸಣ್ಣ ಗೆರೆಗಳಿದ್ದವು.

ಗುಲ್ಬರ್ಗಾದಲ್ಲಿ ನಮ್ಮ ಸರ್ ನೆಲಕ್ಕೆ ಹಾಸುವ ಒಂದು ಫರಸಿ ಕಲ್ಲು ತೋರಿಸಿದ್ದರು. ಯಾವುದೋ ಕಾಲದಲ್ಲಿ ಇಲ್ಲೆಲ್ಲ ಸಮುದ್ರವಿದ್ದಾಗ ತಳದ ಉಸುಕಿನಲ್ಲಿ ಎದ್ದ ಏರುಗಳು ಕಲ್ಲಾಗಿ ಉಳಿದದ್ದು. ಒಂದೇ ಕಡೆ ಹರಿಯುವ ನೀರು ಓರೆ ಏರು ಮಾಡುತ್ತದೆ, ಹಿಂದೆ ಮುಂದೆ ತೂಗುವ ಅಲೆ ಎರಡೂ ಕಡೆ ಸಮನಾದ ಏರು ಮಾಡುತ್ತದೆ ಎಂದಿದ್ದರು. ಅಲೆ, ಹರಿವು ಎರಡೂ ಒಟ್ಟಿಗೆ ಇದ್ದರೆ ಏನಾಗುತ್ತದೆ ಸರ್ ಎಂದು ನಾನು ಕೇಳಿದ್ದೆ. ಪರೀಕ್ಷೆಗೆ ಅದು ಬರೂದಿಲ್ಲ, ಕುಂದ್ರಮ್ಮ ಅಂದಿದ್ದರು.

ಪರೀಕ್ಷೆಗೆ ಬಂತು, ಸರ್. ಭಾನುವಾರ ಬೆಳಿಗ್ಗೆ ದನ ನೀರು ಕುಡಿಯುವ ಕಲ್ಲಿನ ದೋಣಿಗೆ ಕಾಲುವೆಯ ಉಸುಕು ಹಾಸಿ, ಮೇಲೆ ಗೇಣು ನೀರು ನಿಲ್ಲಿಸಿದೆ. "ಎಮ್ಮಿ ಏನು ನಿನ್ನ ಉಸುಕು ಕುಡೀಬೇಕೇನು?" ಎಂದು ಅವ್ವ ಒಳಗಿಂದ ಕೂಗಿದಳು. ಮೊದಲು ಒಂದು ತುದಿಗೆ ಕೊಡದಿಂದ ನೀರು ಸುರಿಯುತ್ತ, ಇನ್ನೊಂದು ತುದಿಯ ತೂತಿನಿಂದ ಹೋಗಲು ಬಿಟ್ಟೆ. ಓರೆಯಾದ ಚೂಪು ಏರುಗಳು ಎದ್ದವು, ಅಪ್ಪನ ಹೆಬ್ಬೆರಳು ಬಲ್ಲ ಏರುಗಳು. ಉಸುಕು ಸಮ ಮಾಡಿ, ತೂತು ಮುಚ್ಚಿ, ಹಲಗೆಯ ತುಂಡಿನಿಂದ ನೀರನ್ನು ಹಿಂದೆ ಮುಂದೆ ತೂಗಿದೆ. ಈ ಸಲ ಏರುಗಳು ಎರಡೂ ಕಡೆ ಸಮನಾಗಿ, ನೆಟ್ಟಗೆ ಸಾಲು ಕಟ್ಟಿದವು. ಮೂರನೆಯ ಸಲ ತೂತು ಸ್ವಲ್ಪವೇ ತೆರೆದು, ನೀರು ಮೆಲ್ಲಗೆ ಸರಿಯುತ್ತಿರುವಾಗಲೇ ಹಲಗೆಯಿಂದ ಓರೆಯಾಗಿ ಅಲೆ ಎಬ್ಬಿಸಿದೆ. ಅಲೆ ಉಸುಕನ್ನು ಎತ್ತಿ ಕೊಡುತ್ತಿತ್ತು, ಹರಿವು ಅದನ್ನು ಚೂರುಚೂರೇ ತನ್ನ ಕಡೆ ತಳ್ಳಿಕೊಳ್ಳುತ್ತಿತ್ತು. ಕೈ ಸೋಲುವ ತನಕ ಮಾಡಿದೆ. ನೀರು ಬಸಿದು ನೋಡಿದರೆ ಗುಂಡು ತಲೆಯ, ಹೊರಳಿದ ಸಾಲಿನ, ಒಂದು ಕಡೆ ಸ್ವಲ್ಪವೇ ವಾಲಿದ ಏರುಗಳು. ಅತ್ತೆಯ ಹೊಲದ ಮುಂದೆ ಇದ್ದವು ಇವೇ.

ಅಲ್ಲಿಯೇ ದೋಣಿಯ ಅಂಚಿಗೆ ಕೂತು ಲೆಕ್ಕ ಹಾಕಿದೆ. ಹೊಲಗಾಲುವೆಯಲ್ಲಿ ರಭಸದಿಂದ ಓಡುವ ನೀರಿನಲ್ಲಿ ಗಾಳಿ ಅಂಥ ಅಲೆ ಎಬ್ಬಿಸಲಾರದು. ಅದಕ್ಕೆ ನೀರು ನಿಲ್ಲಬೇಕು, ಅಗಲವಾಗಿ ಹರಡಬೇಕು, ಮೇಲೆ ಆಷಾಢದ ಗಾಳಿ ಹೊತ್ತುಗಟ್ಟಲೆ ಬೀಸಬೇಕು. ಯಾರಾದರೂ ಸಲಿಕೆಯಿಂದ ಹೊಲದ ಬಾಯಿ ಒಡೆದಿದ್ದರೆ ನೀರು ನುಗ್ಗಿ ಚೂಪು ಏರು ಬಿಟ್ಟುಹೋಗುತ್ತಿತ್ತು. ಇಲ್ಲಿ ನೀರು ಹೊಂಡವಾಗಿ ನಿಂತು, ಏರಿ ಏರಿ, ಮೆತ್ತಿದ ಮಣ್ಣಿನ ಮೇಲಿಂದ ತಾನೇ ಮೆಲ್ಲಗೆ ಸೋರಿ ಹೋಗಿತ್ತು. ಅಂದರೆ ಕಾಲುವೆಯನ್ನು ಯಾರೋ ಕೆಳಗೆ ಕಟ್ಟಿದ್ದರು.

ಅತ್ತೆಯ ಹೊಲದ ಕೆಳಗೆ ಇದ್ದವರು ನಾವು ಮಾತ್ರ.

ಖುಷಿಯಾಗಬೇಕಿತ್ತು. ಅವನು ಕಳ್ಳನಲ್ಲ ಎಂದು ಗೊತ್ತಾಗಿತ್ತು. ಆದರೆ ಸಂಶಯ ಒಂದು ಮನೆ ಬಿಟ್ಟರೆ ಇನ್ನೊಂದು ಮನೆ ಹುಡುಕುತ್ತದೆ. ಅತ್ತೆ ಕೂಗಿದ್ದು ಕಿವಿಯಲ್ಲಿ ಗುಂಯ್ ಅಂದಿತು. ಅಪ್ಪನೇ ಕಟ್ಟಿಸಿದನೇ? ನನಗೆ ನಿಜವಾಗಲೂ ಬೇರೆ ಗಂಡು ನೋಡಿದ್ದಾನೆಯೇ? ಬುಧವಾರ ಶಹಾಪುರಕ್ಕೆ ಹೋಗಿದ್ದು ಗೊಬ್ಬರಕ್ಕೋ, ಇನ್ಯಾವುದಕ್ಕೋ? ಗೊಬ್ಬರದ ಚೀಲ ಹಿತ್ತಲಲ್ಲಿ ಇದೆಯೋ ಇಲ್ಲವೋ ಎಂದು ಎದ್ದು ಹೋಗಿ ನೋಡಿದೆ. ಇತ್ತು. ಆದರೂ ಮಧ್ಯಾಹ್ನ ಅಪ್ಪ ರೊಟ್ಟಿ ಮುರಿಯುವಾಗ ಅವನ ಕೈಯನ್ನೇ ನೋಡುತ್ತ ಕೂತಿದ್ದೆ. ಹೆತ್ತ ತಂದೆಯನ್ನು ಹಾಗೆ ನೋಡುವುದು ಎಷ್ಟು ಹೊಲಸು ಅನಿಸಿತು, ನೋಡುವುದನ್ನು ಬಿಡಲಿಲ್ಲ.

ಉಂಡು ಅಡ್ಡಾಗೋಣವೆಂದು ಒಳಗೆ ಹೋದೆ. ಅವ್ವ ಗಳದ ಮೇಲಿಂದ ಕೌದಿ ತೆಗೆದು ಮಡಚುತ್ತಿದ್ದಳು. ಪಂಚಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆದು ಹಾಕುವುದು ನಮ್ಮಲ್ಲಿ ಪದ್ಧತಿ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಒದ್ದೆಯಾದರೆ ಎತ್ತುವುದಕ್ಕೆ ಇಬ್ಬರು ಬೇಕು. ಬಕೆಟ್ಟಿನಲ್ಲಿ ಒಗೆಯುವಂಥದ್ದಲ್ಲ. ಎಲ್ಲವೂ ಒಗೆದು ಒಣಗಿ ಬಿಸಿಲಿನ ವಾಸನೆ ಬರುತ್ತಿದ್ದವು.

"ಅವ್ವಾ, ಕೌದಿ ಯಾವಾಗ ಒಗದಿ?"

"ಬುಧವಾರ. ಕಾಲುವಿಗಿ ನೀರು ಬಂದಿದ್ವಲ್ಲ, ಓಣಿ ಹೆಣ್ಮಕ್ಕಳೆಲ್ಲ ಹೋಗಿದ್ವಿ."

"ಎಲ್ಲಿ?"

"ಎಲ್ಲಿ ಅಂದ್ರ? ನಮ್ಮ ಹೊಲಕ್ಕಿಂತ ಮ್ಯಾಲ, ಕಾಲುವಿ ದಾಟೋ ಕಲ್ಲಿನ ಹತ್ರ."

"ಅಲ್ಲಿ ನೀರು ಮೊಣಕಾಲಿಗೂ ಬರಲ್ಲ. ಹೆಂಗ ಒಗದ್ರಿ?"

"ಫರಸಿ ಅಡ್ಡ ನಿಂದ್ರಿಸಿ, ಸಂದ್ಯಾಗ ಗೋಣಿಚೀಲ ತುರಕಿ, ನೀರು ಕಟ್ಟಿ ಒಗದ್ವಿ. ಸಂಜಿಗಿ ನೀರು ಇಳಿದ ಮ್ಯಾಲ ತಗದು ಬಂದ್ವಿ. ಅದರಾಗೇನದ?" ಅಂದವಳು ನನ್ನ ಮುಖ ನೋಡಿ ಮಡಚುವುದನ್ನು ನಿಲ್ಲಿಸಿದಳು.

ಅಂದು ಯಾರ ಪಾಳಿ ಎಂದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಪಾಳಿ ಗುರುವಾರವೆಂದೇ ಮನೆಯಲ್ಲಿ ಮಾತಿತ್ತು. ಬಂದ ನೀರು ಕಂಡು ಹೆಂಗಸರು ಕೌದಿ ಹೊತ್ತುಕೊಂಡು ಓಡಿದ್ದರು. ಮೂರು ದಿನ ಅಪ್ಪ ಮನೆಯಲ್ಲಿ ಕೂಗಾಡಿದರೂ ಅವನು ಕೇಳಲಿಲ್ಲ, ಇವಳಿಗೆ ಹೊಳೆಯಲಿಲ್ಲ. "ನೀರು ಏನು ನಾವು ಕುಡದೇವೇನು? ಒಗದು ಬಿಟ್ಟೇವಿ" ಎಂದು ಮೊದಲು ವಾದಿಸಿದಳು. ನಾನು ದೋಣಿಯ ಹತ್ತಿರ ಕರೆದುಕೊಂಡು ಹೋಗಿ, ನಿಂತ ನೀರು ಹೇಗೆ ಹಿಂದಕ್ಕೆ ಏರುತ್ತದೆ, ಅಲೆ ಹೇಗೆ ಉಸುಕಿನ ತಲೆ ಸವರುತ್ತದೆ ಎಂದು ಹೇಳಿದೆ. ಕೇಳಿ ಮುಗಿಸಿದವಳೇ ಸೆರಗು ಸರಿಮಾಡಿಕೊಂಡು ಅಪ್ಪ ಕೂತಿದ್ದ ಕಟ್ಟೆಗೆ ಹೋದಳು.

"ಅಕ್ಕನ್ನ ಕಳ್ಳಿ ಅಂದು ಬಂದೀರಲ್ಲ, ನೀರು ಕಟ್ಟಿದಾಕಿ ನಾನ್ರಿ" ಅಂದಳು.

ಅಪ್ಪ ನಂಬಲಿಲ್ಲ. ನನ್ನನ್ನು ಕರೆದು ಕೇಳಿದ, ಕಾಲುವೆಗೆ ಹೋಗಿ ನೋಡಿದ, ಬಂದು ದೋಣಿ ನೋಡಿದ, ಎರಡೂ ಕಡೆ ಹೆಬ್ಬೆರಳು ಆಡಿಸಿದ. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅಕ್ಕನ ಮನೆಗೆ ನಡೆದ. ಅವ್ವನೂ ಹಿಂದೆ ಹೋದಳು. ಅತ್ತೆ ಬೈದಳಂತೆ, ಅತ್ತಳಂತೆ, ಕಾಲು ಮುಟ್ಟಲು ಬಂದ ತಮ್ಮನ ಬೆನ್ನಿಗೆ ಎರಡು ಗುದ್ದಿದಳಂತೆ. ಕೊನೆಗೆ ಚಹಾ ಮಾಡಿ ಕೊಟ್ಟು, ಪಂಚಮಿ ಮರುದಿನವೇ ಸಕ್ಕರೆ ತಗೊಂಡು ಬರ್ರಿ ಅಂದಳಂತೆ. ಅವ್ವ ಓಡುತ್ತ ಬಂದು ನನಗೆ ಹೇಳಿದಾಗ ನಾನು ಅವಳನ್ನು ಹಿಡಿದುಕೊಂಡು ಅತ್ತುಬಿಟ್ಟೆ. ಅಷ್ಟು ಹಗುರವಾಗಿತ್ತು ಎದೆ. ಮೆಣಸಿನ ಸಸಿ ಹೋದರೆ ಹೋಗಲಿ ಅನಿಸಿತು.

ಮುಂದಿನ ಶನಿವಾರ ಅವನು ನಮ್ಮ ಮನೆಗೆ ಬಂದ. ಅಪ್ಪ "ಬಾ ಅಳಿಯಾ" ಎಂದು ಬಾಯಿ ತುಂಬ ಕರೆದು, ಜಮಖಾನೆ ಹಾಸಿ ಕೂಡಿಸಿದ. ಅವನು ಚಹಾ ಕುಡಿದ. ಅಪ್ಪನ ಹತ್ತಿರ ಮುಂದಿನ ಪಾಳಿಯ ಮಾತಾಡಿದ, ನಕ್ಕ. ಹೋಗುವಾಗ ನಾನು ಅಂಗಳದ ತನಕ ಹೋದೆ. ದೋಣಿಯಲ್ಲಿ ಇನ್ನೂ ಉಸುಕಿತ್ತು. ನಾನೇ ಉಮೇದಿನಿಂದ ಎಲ್ಲ ವಿವರಿಸತೊಡಗಿದೆ, ಅಲೆ ಹೀಗೆ, ಹರಿವು ಹೀಗೆ, ನೀನು ತಿರುವಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ ಎಂದು. ಅವನು ಕೊನೆಯ ತನಕ ಕೇಳಿಸಿಕೊಂಡ.

"ಮಾಮಾನ ಮ್ಯಾಲ ನನಗ ಸಿಟ್ಟಿಲ್ಲ" ಅಂದ. "ಸಸಿ ಒಣಗಿದವನಿಗಿ ಸಿಟ್ಟು ಬರ್ತದ, ಕಣ್ಣಿಗಿ ಕಂಡಿದ್ದು ಅಂದಾನ. ನಮ್ಮವ್ವನೂ ಮರತಾಳ. ನಿನಗ ಒಂದು ಕೇಳ್ತೀನಿ, ಹೇಳ್ತೀಯೇನು?"

"ಕೇಳು."

"ನಿಮ್ಮವ್ವ ಅವತ್ತು ಕೌದಿ ಒಗದಿರಲಿಲ್ಲ ಅಂದ್ರ, ಈ ಉಸುಕಿನ್ಯಾಗ ಏನೂ ಸಿಗದಿದ್ರ, ನೀ ಏನು ಮಾಡ್ತಿದ್ದಿ?"

ನಿನ್ನ ಮಾತನ್ನೇ ನಂಬುತ್ತಿದ್ದೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಂತು ಕೂಡ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಚಿಕ್ಕಂದಿನಿಂದ ನನ್ನನ್ನು ಬಲ್ಲವನು, ನಾನು ಸುಳ್ಳು ಹೇಳಿದರೆ ಅವನಿಗೆ ತಿಳಿಯುತ್ತಿತ್ತು. ಖರೆ ಹೇಳಬೇಕೆಂದರೆ, ಏನೂ ಸಿಗದಿದ್ದರೆ ನಾನು ಇನ್ನೂ ಆ ಕಾಲುವೆಯಲ್ಲೇ ಕೂತು ಹುಡುಕುತ್ತಿರುತ್ತಿದ್ದೆ. ಒಳಗೆ ಅವ್ವ ಪಾತ್ರೆ ತೊಳೆಯುವ ಸಪ್ಪಳ ಕೇಳುತ್ತಿತ್ತು. ನಾನು ಬಗ್ಗಿ ದೋಣಿಯ ಉಸುಕನ್ನು ಅಂಗೈಯಿಂದ ಸಮ ಮಾಡತೊಡಗಿದೆ.

"ಬರ್ತೀನ್ರಿ" ಅಂದ. ಅಲ್ಲಿಯ ತನಕ ಅವನು ನನಗೆ ನಗೆಯಾಡದೆ, ಹೊರಗಿನವರಿಗೆ ಅನ್ನುವಂತೆ, ಬಹುವಚನ ಹಚ್ಚಿದ್ದೇ ಇರಲಿಲ್ಲ.

ಪಂಚಮಿಯ ಮರುದಿನ ಅಪ್ಪ ಸಕ್ಕರೆಯ ಪೊಟ್ಟಣ ಹಿಡಿದು ಹೊರಟು ನಿಂತಾಗ, ಹೋಗಬೇಡ ಎಂದು ನಾನೇ ಹೇಳಿದೆ.